ಪಿಆರ್ ಕೆನಡಾದಲ್ಲಿ, ಸಂಗಾತಿ ಹಾಸನದಲ್ಲಿ: ಸ್ಪಾನ್ಸರ್ ಮಾಡುವವರು ಮೊದಲೇ ತಿಳಿಯಬೇಕಾದದ್ದು

ರಜೆ ಸಿಗುವುದು ನಾಲ್ಕು ವಾರ. ಹೆಣ್ಣು ನೋಡುವುದು, ನಿಶ್ಚಿತಾರ್ಥ, ಧಾರೆ, ಬೀಗರೂಟ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಹಾಸನ, ಚಿಕ್ಕಮಗಳೂರು ಕಡೆಯ ವಿದೇಶಿ ಸಂಬಂಧಗಳು ಹೆಚ್ಚಾಗಿ ಹೀಗೇ ಕೂಡಿಬರುತ್ತವೆ. ಆಮೇಲೆ ಒಬ್ಬರು ಕೆನಡಾಕ್ಕೆ ವಾಪಸ್, ಇನ್ನೊಬ್ಬರು ಊರಲ್ಲಿ. ಆಗ ಎರಡೂ ಮನೆಯವರ ಬಾಯಲ್ಲಿ ಒಂದೇ ಮಾತು: ‘ಕಾಗದಪತ್ರ ಆಗೋವರೆಗೂ ಇಲ್ಲೇ ಇದ್ದುಬಿಡಬಾರದಾ?’

ಇರಬಾರದು. ಕೆನಡಾದ ಪರ್ಮನೆಂಟ್ ರೆಸಿಡೆಂಟ್ (ಪಿಆರ್, ಅಂದರೆ ಪೌರತ್ವವಿಲ್ಲದೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಆದವರು ಕೆನಡಾದಲ್ಲಿ ವಾಸವಿದ್ದರೆ ಮಾತ್ರ ಗಂಡ ಅಥವಾ ಹೆಂಡತಿಯನ್ನು ಸ್ಪಾನ್ಸರ್ ಮಾಡಬಹುದು, ಅಂದರೆ ತಮ್ಮ ಹೊಣೆಯ ಮೇಲೆ ಕರೆಸಿಕೊಳ್ಳಬಹುದು. ಅರ್ಜಿ ಹಾಕಿದ ದಿನ ಅಲ್ಲಿದ್ದರೆ ಸಾಲದು, ತೀರ್ಮಾನ ಬರುವ ದಿನದವರೆಗೂ ಅಲ್ಲಿಯ ವಾಸಿಯಾಗಿಯೇ ಇರಬೇಕು. ಹೊರದೇಶದಲ್ಲಿದ್ದುಕೊಂಡು ಸ್ಪಾನ್ಸರ್ ಮಾಡುವ ಅವಕಾಶ ಕೆನಡಾದ ಪೌರರಿಗೆ ಇದೆ. ಸಂಗಾತಿಗೆ ಪಿಆರ್ ಸಿಕ್ಕ ಮೇಲೆ ತಾವೂ ಅಲ್ಲಿಗೆ ಹೋಗಿ ನೆಲೆಸುತ್ತೇವೆಂದು ಅವರು ತೋರಿಸಬೇಕಷ್ಟೆ. ಪಿಆರ್ ಇರುವವರಿಗೆ ಆ ಅವಕಾಶ ಇಲ್ಲ. ಇವರಿಬ್ಬರ ನಡುವಿನ ಈ ವ್ಯತ್ಯಾಸ ತಿಳಿಯದೆ ಹಾಕಿದ ಅರ್ಜಿ ಸ್ಪಾನ್ಸರ್ ಹಂತದಲ್ಲೇ ಬಿದ್ದುಹೋಗುತ್ತದೆ.

ಎರಡು ಬೇರೆ ಬೇರೆ ಲೆಕ್ಕ

ಪಿಆರ್ ಉಳಿಸಿಕೊಳ್ಳುವ ಲೆಕ್ಕ ಒಂದು, ಸ್ಪಾನ್ಸರ್ ಮಾಡುವ ಅರ್ಹತೆಯ ಲೆಕ್ಕ ಇನ್ನೊಂದು. ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಆಗುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಇಲ್ಲೇ.

ಮೊದಲನೆಯದು ಬರೀ ಕೂಡುವ ಲೆಕ್ಕ. ಕೆನಡಾದ ವಲಸೆ ಕಾಯ್ದೆಯ 28ನೇ ಕಲಮಿನ ಪ್ರಕಾರ ಪ್ರತಿ ಐದು ವರ್ಷದ ಅವಧಿಯಲ್ಲಿ ಒಟ್ಟು 730 ದಿನ ಕೆನಡಾದ ನೆಲದ ಮೇಲೆ ಇರಬೇಕು. ದಿನಗಳು ಒಟ್ಟಿಗೇ ಇರಬೇಕೆಂದಿಲ್ಲ. ವಿಮಾನ ಇಳಿದ ದಿನ, ಹತ್ತಿದ ದಿನ ಎರಡೂ ಪೂರ್ತಿ ದಿನವೆಂದೇ ಲೆಕ್ಕ. ಪಿಆರ್ ಆಗಿ ಐದು ವರ್ಷ ತುಂಬದವರು ಉಳಿದ ಅವಧಿಯಲ್ಲಾದರೂ 730 ಮುಟ್ಟಿಸಬಲ್ಲೆವು ಎಂದು ತೋರಿಸಬೇಕು. ಅಂದರೆ ಹೊರಗೆ ಕಳೆದ ದಿನ 1,095 ದಾಟಿರಬಾರದು. ಐದು ವರ್ಷ ಕಳೆದವರಿಗೆ ಪರಿಶೀಲನೆಯ ದಿನದಿಂದ ಹಿಂದಿನ ಐದು ವರ್ಷ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಮುಂಚೆ ಎಷ್ಟು ವರ್ಷ ದುಡಿದಿದ್ದರೂ ಉಪಯೋಗವಿಲ್ಲ.

ಇಲ್ಲಿ ಹರಡಿರುವ ಒಂದು ತಪ್ಪು ನಂಬಿಕೆ ಇದೆ: ಹೆಂಡತಿಯ ಜೊತೆ ಭಾರತದಲ್ಲಿ ಕಳೆದ ದಿನಗಳೂ 730ಕ್ಕೆ ಸೇರುತ್ತವಂತೆ. ಸೇರುವುದು ಆ ಸಂಗಾತಿ ಕೆನಡಾದ ಪೌರರಾಗಿದ್ದರೆ. ಭಾರತದ ಪಾಸ್‌ಪೋರ್ಟಿನ ಸಂಗಾತಿಯ ಜೊತೆ ಬೇಲೂರಲ್ಲಿ ಕಳೆದ ಮೂರು ತಿಂಗಳು ಬರೀ ಗೈರುಹಾಜರಿ. ಕೆನಡಾದ ಕಂಪನಿಗೆ ಊರಿನಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದ ದಿನಗಳನ್ನೂ ನಂಬಬೇಡಿ. ಕಂಪನಿಯೇ ಪೂರ್ಣಾವಧಿ ಹುದ್ದೆಗೆ ಹೊರದೇಶಕ್ಕೆ ನಿಯೋಜಿಸಿ ಕಳಿಸಿದ್ದರೆ ಆ ದಿನಗಳು 730ಕ್ಕೆ ಸೇರುತ್ತವೆ, ಮ್ಯಾನೇಜರ್ ಒಪ್ಪಿಗೆ ಪಡೆದು ನೀವೇ ಊರಿಗೆ ಬಂದು ಕೂತ ದಿನಗಳಲ್ಲ. ದಿನ ಮುಚ್ಚಿಡುವುದಂತೂ ಸಾಧ್ಯವೇ ಇಲ್ಲ. 2020ರಿಂದ ವಿಮಾನದಲ್ಲಿ ಕೆನಡಾ ಬಿಟ್ಟು ಹೋಗುವವರ ವಿವರವೂ ಅಲ್ಲಿಯ ಗಡಿ ಇಲಾಖೆಗೆ ಹೋಗುತ್ತದೆ.

ಎರಡನೆಯದು ಕೂಡಿ ಕಳೆಯುವ ಲೆಕ್ಕವಲ್ಲ. ‘ವಾಸ’ ಎಂದರೆ ನಿಮ್ಮ ಬದುಕು ಎಲ್ಲಿದೆ ಎನ್ನುವ ಪ್ರಶ್ನೆ. ಪ್ರತಿ ವರ್ಷ ಕಾಫಿ ಕುಯ್ಲಿಗೆಂದು ನವೆಂಬರಿನಿಂದ 120 ದಿನ ಮೂಡಿಗೆರೆಗೆ ಬರುವವರನ್ನು ತೆಗೆದುಕೊಳ್ಳಿ. ಐದು ವರ್ಷಕ್ಕೆ 600 ದಿನ ಹೊರಗೆ, 1,200ಕ್ಕೂ ಹೆಚ್ಚು ದಿನ ಒಳಗೆ. ಪಿಆರ್‌ಗೆ ಯಾವ ಅಪಾಯವೂ ಇಲ್ಲ. ಅದೇ ಮನುಷ್ಯ ಸ್ಪಾನ್ಸರ್ ಅರ್ಜಿ ಹಾಕಿ, ಬಾಡಿಗೆ ಮನೆ ಖಾಲಿ ಮಾಡಿ, ಕೆಲಸ ಬಿಟ್ಟು, ಜೂನ್‌ವರೆಗೆ ಸಕಲೇಶಪುರದ ಮಾವನ ತೋಟದಲ್ಲಿ ಉಳಿದರೆ 730ರ ಲೆಕ್ಕ ಸರಿಯಿದ್ದೂ ಸ್ಪಾನ್ಸರ್ ಅರ್ಹತೆ ಹೋಗಬಹುದು. ಮೂರ್ನಾಲ್ಕು ವಾರ ಬಂದುಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬರುವಾಗ ಅಲ್ಲಿ ಮನೆ ಕರಾರು ಚಾಲ್ತಿಯಲ್ಲಿರಲಿ, ಕೆಲಸದಿಂದ ಮಂಜೂರಾದ ರಜೆ ಇರಲಿ, ವಾಪಸ್ ಟಿಕೆಟ್ ಇರಲಿ. ಬಾಡಿಗೆ ರಸೀದಿ, ಕರೆಂಟ್ ಬಿಲ್, ಸಂಬಳದ ಚೀಟಿ, ತೆರಿಗೆಯ ನೋಟಿಸ್ ಆಫ್ ಅಸೆಸ್‌ಮೆಂಟ್ ಒಂದು ಕಡೆ ಕೂಡಿಡಿ. ಒಂಟಾರಿಯೊದಲ್ಲಿರುವವರಿಗೆ ಇನ್ನೊಂದು ಗಮನ ಬೇಕು. ಅಲ್ಲಿಯ ಆರೋಗ್ಯ ಕಾರ್ಡ್ ಉಳಿಯಬೇಕಾದರೆ ಯಾವುದೇ 12 ತಿಂಗಳಲ್ಲಿ 153 ದಿನ ಪ್ರಾಂತ್ಯದಲ್ಲಿ ಇರಬೇಕು.

ಸಾಫ್ಟ್ ಲ್ಯಾಂಡಿಂಗ್ ಮಾಡಿ (ನೆಲೆಸಲು ಅಲ್ಲ, ಪಿಆರ್ ಪಕ್ಕಾ ಮಾಡಿಕೊಳ್ಳಲು ಮಾತ್ರ ಕೆನಡಾಕ್ಕೆ ಹೋಗಿ), ಎರಡು ವಾರ ಇದ್ದು, ಬೆಂಗಳೂರಿನ ಕೆಲಸಕ್ಕೆ ಮರಳಿದವರು ಮದುವೆಯಾದ ತಕ್ಷಣ ಅರ್ಜಿ ಹಾಕಲು ಹೊರಡುತ್ತಾರೆ. ಅವರು ಮೊದಲು ಹೋಗಿ ನೆಲೆಸಬೇಕು, ಅರ್ಜಿ ಆಮೇಲೆ. 730 ದಿನದ ಲೆಕ್ಕ ಈಗಾಗಲೇ ತಪ್ಪಿರುವವರು ಇನ್ನೂ ಎಚ್ಚರವಾಗಿರಬೇಕು. ಸ್ಪಾನ್ಸರ್ ಅರ್ಜಿ ನಿಮ್ಮ ಸ್ವಂತ ಫೈಲನ್ನೂ ಅಧಿಕಾರಿಯ ಮೇಜಿನ ಮೇಲೆ ತೆರೆದಿಡುತ್ತದೆ. ಕೆನಡಾದಲ್ಲೇ ಉಳಿದು, ಹಿಂದಿನ ಐದು ವರ್ಷದಲ್ಲಿ 730 ತುಂಬಿದ ಮೇಲೆ ಅರ್ಜಿ ಹಾಕುವುದು ಜಾಣತನ, ವರ್ಷ ತಡವಾದರೂ ಸರಿ.

ಪಿಆರ್ ಕಾರ್ಡ್ ಮುಗಿದರೆ ಪಿಆರ್ ಮುಗಿಯುವುದಿಲ್ಲ. ಆದರೆ ಊರಿಗೆ ಬಂದಾಗ ಕಾರ್ಡಿನ ಅವಧಿ ತೀರಿದರೆ ವಿಮಾನ ಹತ್ತಿಸುವುದಿಲ್ಲ. ಟ್ರಾವೆಲ್ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಬೇಕು, ಆಗ ಅಧಿಕಾರಿ 730 ದಿನ ಎಣಿಸುತ್ತಾರೆ. ಕಾರ್ಡಿಗೆ ಒಂಬತ್ತು ತಿಂಗಳಿಗಿಂತ ಕಡಿಮೆ ಅವಧಿ ಉಳಿದಾಗಲೇ, ಕೆನಡಾದಲ್ಲಿರುವಾಗಲೇ ನವೀಕರಣಕ್ಕೆ ಹಾಕಿಬಿಡಿ.

ಮದುವೆಯ ತಾರೀಖು

ನಮ್ಮ ಕಡೆ ಒಂದು ರೂಢಿ ಇದೆ. ವೀಸಾಕ್ಕೆ ಬೇಕಾಗುತ್ತದೆಂದು ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ, ಛತ್ರದ ಮದುವೆಯನ್ನು ಒಳ್ಳೆಯ ಮುಹೂರ್ತ ನೋಡಿ ಆರು ತಿಂಗಳ ನಂತರ ಇಟ್ಟುಕೊಳ್ಳುವುದು. ಮನೆಯವರ ಲೆಕ್ಕದಲ್ಲಿ ಮದುವೆ ಇನ್ನೂ ಆಗಿಲ್ಲ. ಕೆನಡಾದ ಲೆಕ್ಕದಲ್ಲಿ ಕಾನೂನಿನ ಪ್ರಕಾರ ಆದ ದಿನವೇ ಆಗಿದೆ. ಈ ನಡುವೆ ಹುಡುಗ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಕೆಲಸದ ಅರ್ಹತೆಯ ಮೇಲೆ ಪಿಆರ್ ಪಡೆಯುವ ದಾರಿ) ‘ಅವಿವಾಹಿತ’ ಎಂದೇ ಉಳಿದು ಲ್ಯಾಂಡಿಂಗ್ ಮಾಡಿದರೆ, ಅಂದರೆ ಪಿಆರ್ ಆಗಿ ಕೆನಡಾದಲ್ಲಿ ಮೊದಲು ಕಾಲಿಟ್ಟರೆ, ತಿಳಿಸದೆ ಬಿಟ್ಟ ಆ ಹೆಂಡತಿಯನ್ನು ಮುಂದೆ ಫ್ಯಾಮಿಲಿ ಕ್ಲಾಸ್‌ನಲ್ಲಿ (ಕುಟುಂಬದವರನ್ನು ಕರೆಸಿಕೊಳ್ಳುವ ವರ್ಗ) ಸ್ಪಾನ್ಸರ್ ಮಾಡಲು ನಿಯಮ 117(9)(ಡಿ) ಅಡ್ಡಬರುತ್ತದೆ. ಮೇಲೆ ತಪ್ಪು ಮಾಹಿತಿಯ ಆರೋಪವೂ ಬರಬಹುದು. ಲ್ಯಾಂಡಿಂಗ್‌ಗೆ ಮುಂಚೆ ಮದುವೆಯಾದರೆ ಅಂದೇ ಕೆನಡಾದ ವಲಸೆ ಇಲಾಖೆಗೆ ತಿಳಿಸಿ, ಸಂಗಾತಿಯನ್ನು ಅದೇ ಅರ್ಜಿಗೆ ಸೇರಿಸಿ. ಬರೀ ನಿಶ್ಚಿತಾರ್ಥವಾಗಿದ್ದರೆ ತೊಂದರೆಯಿಲ್ಲ. ಲ್ಯಾಂಡಿಂಗ್ ಮುಗಿಸಿ ಬಂದು ಮದುವೆಯಾಗಿ.

ಇನ್ನು ಕೆಲವು ಅಡ್ಡಿಗಳು. ಮದುವೆಯಲ್ಲಿ ಇಬ್ಬರೂ ಖುದ್ದು ಹಾಜರಿರಬೇಕು. ಫೋನಿನಲ್ಲಿ, ವಿಡಿಯೊದಲ್ಲಿ, ಪ್ರತಿನಿಧಿಯ ಮೂಲಕ ಆದ ಮದುವೆಯನ್ನು 2015ರ ಜೂನ್‌ನಿಂದ ಒಪ್ಪುತ್ತಿಲ್ಲ. ನೀವೇ ಹಿಂದೆ ಒಬ್ಬರ ಸಂಗಾತಿಯಾಗಿ ಸ್ಪಾನ್ಸರ್ ಆಗಿ ಬಂದು, ವಿಚ್ಛೇದನವಾಗಿ ಮರುಮದುವೆಯಾಗಿದ್ದರೆ, ಪಿಆರ್ ಆದ ದಿನದಿಂದ ಐದು ವರ್ಷ ಹೊಸ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ. ಅಂಗವೈಕಲ್ಯದ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಸರ್ಕಾರಿ ಸಹಾಯಧನ ಪಡೆಯುತ್ತಿದ್ದರೂ ಆಗದು. ಕನಿಷ್ಠ ಸಂಬಳ ಇಷ್ಟಿರಬೇಕೆಂಬ ನಿಯಮ ಸಾಮಾನ್ಯವಾಗಿ ಸಂಗಾತಿಗೆ ಇಲ್ಲ. ಇಷ್ಟು ಆದಾಯ ಬೇಕೇಬೇಕೆಂದು ಯಾರಾದರೂ ಹೆದರಿಸಿದರೆ ಅದು ತಂದೆತಾಯಿಯನ್ನು ಕರೆಸಿಕೊಳ್ಳುವ ನಿಯಮದೊಂದಿಗೆ ಆದ ಗೊಂದಲ.

ರಿಜಿಸ್ಟ್ರೇಷನ್ ಮತ್ತು ಹೆಸರಿನ ಗೋಜಲು

ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯ ನೋಂದಣಿ ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುತ್ತದೆ. ಅರ್ಜಿಗೆ ಕಾವೇರಿ 2.0 ಪೋರ್ಟಲ್ ಇದೆ. ದೇವಸ್ಥಾನದವರು ಕೊಡುವ ಪತ್ರ, ಛತ್ರದ ರಸೀದಿ ಇವು ಪೂರಕ ದಾಖಲೆ ಮಾತ್ರ, ನೋಂದಣಿಗೆ ಬದಲಿಯಲ್ಲ. ಧಾರೆಯ ಮರುವಾರವೇ, ವಾಪಸ್ ವಿಮಾನ ಹತ್ತುವ ಮೊದಲೇ ಇದನ್ನು ಮುಗಿಸಿ. ಬೇರೆ ಧರ್ಮದವರ ನಡುವಿನ ಮದುವೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಆದರೆ 30 ದಿನದ ನೋಟಿಸ್ ಅವಧಿ ಇದೆ. ನಾಲ್ಕು ವಾರದ ರಜೆ ಅದಕ್ಕೆ ಸಾಲದು, ರಜೆ ಹಾಕುವ ಮುಂಚೆಯೇ ಕಚೇರಿಯಲ್ಲಿ ವಿಚಾರಿಸಿ ಯೋಜನೆ ಮಾಡಿ.

ಹೆಸರು ನಮ್ಮವರಿಗೆ ವಿಶೇಷವಾದ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್.ಎಂ.’, ಆಧಾರ್‌ನಲ್ಲಿ ‘ಕಾವ್ಯ’, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು, ಲಗ್ನಪತ್ರಿಕೆಯಲ್ಲಿ ‘ಚಿ॥ಸೌ॥’ ಜೊತೆಗೆ ಮನೆಯಲ್ಲಿ ಕರೆಯುವ ಹೆಸರು. ಅರ್ಜಿಯ ಮಟ್ಟಿಗೆ ಪಾಸ್‌ಪೋರ್ಟಿನಲ್ಲಿರುವುದೇ ಅಂತಿಮ, ಅಕ್ಷರ ಅಕ್ಷರವೂ ಅದರಂತೆಯೇ ಇರಬೇಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಪೂರ್ತಿ ಹೆಸರನ್ನು ಫ್ಯಾಮಿಲಿ ನೇಮ್ ಅಂಕಣದಲ್ಲಿ ಬರೆದು ಗಿವನ್ ನೇಮ್ ಅಂಕಣ ಖಾಲಿ ಬಿಡುವುದು ಕೆನಡಾದ ಕ್ರಮ. ಉಳಿದ ರೂಪಗಳನ್ನೆಲ್ಲ ‘ಬೇರೆ ಹೆಸರುಗಳು’ ಎಂಬಲ್ಲಿ ಬರೆಯಿರಿ, ‘ಇವರೆಲ್ಲ ಒಬ್ಬರೇ’ ಎಂಬ ನೋಟರಿ ಪ್ರಮಾಣಪತ್ರ ಜೊತೆಗಿಡಿ. ಮದುವೆಯ ನಂತರ ಗಂಡನ ಹೆಸರು ಸೇರಿಸಬೇಕೆಂದಿದ್ದರೆ ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ಬದಲಿಸಿಕೊಳ್ಳಿ, ಇಲ್ಲವೇ ಎಲ್ಲ ಮುಗಿದ ಮೇಲೆ ಮಾಡಿ. ಅರ್ಜಿ ನಡುದಾರಿಯಲ್ಲಿರುವಾಗ ಪಾಸ್‌ಪೋರ್ಟ್ ಬದಲಿಸಿದರೆ ಪೊಲೀಸ್ ಸರ್ಟಿಫಿಕೇಟ್, ಮೆಡಿಕಲ್, ಫಾರಂ ಮೂರರ ಜೊತೆಗೂ ಹೊಂದಾಣಿಕೆ ತಪ್ಪುತ್ತದೆ.

ಕನ್ನಡದಲ್ಲಿರುವ ಪ್ರತಿ ದಾಖಲೆಗೂ ಇಂಗ್ಲಿಷ್ ಅನುವಾದ, ಅನುವಾದಕರ ಪ್ರಮಾಣಪತ್ರ, ಮೂಲದ ದೃಢೀಕೃತ ಪ್ರತಿ ಬೇಕು. ಇಂಗ್ಲಿಷ್ ಮೇಷ್ಟರಾಗಿರುವ ಚಿಕ್ಕಪ್ಪ ಎಷ್ಟೇ ಚೆನ್ನಾಗಿ ಅನುವಾದಿಸಿದರೂ ಮನೆಯವರು ಮಾಡಿದ್ದನ್ನು ಒಪ್ಪುವುದಿಲ್ಲ.

ನಿಜವಾದ ಮದುವೆ ಎಂದು ತೋರಿಸುವುದು

ಅರ್ಜಿ ಬೀಳುವ ದೊಡ್ಡ ಕಾರಣ ಇದೇ, ಹಾಗಾಗಿ ಸಮಯವನ್ನು ಹೆಚ್ಚು ಇಲ್ಲೇ ಹಾಕಿ. ಅಧಿಕಾರಿ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಸಂಬಂಧ ಪ್ರಾಮಾಣಿಕವೇ? ಮದುವೆಯ ಮುಖ್ಯ ಉದ್ದೇಶ ವಲಸೆಯೇ? ಎರಡರಲ್ಲಿ ಒಂದಕ್ಕೆ ಉತ್ತರ ಕೆಟ್ಟರೂ ಅರ್ಜಿ ಹೋಯಿತು.

ಹಿರಿಯರು ನೋಡಿ ಮಾಡಿದ ಮದುವೆಯನ್ನು ಅವರು ಅನುಮಾನಿಸುವುದಿಲ್ಲ, ಅದು ಅವರಿಗೆ ಹೊಸದಲ್ಲ. ಅನುಮಾನ ಬರುವುದು ಸಮುದಾಯದ ರೂಢಿಗೆ ಹೊಂದದ ಮದುವೆಯ ಮೇಲೆ. ಇನ್ನೂರು ಮುನ್ನೂರು ಜನ ಸೇರುವ ಕಡೆ ಹತ್ತು ಜನ, ತಂದೆತಾಯಿ ಇಲ್ಲದ ಫೋಟೊ, ದೊಡ್ಡ ವಯಸ್ಸಿನ ಅಂತರ, ವಿವರಿಸದ ಹಿಂದಿನ ಮದುವೆ. ಇಂಥದ್ದೇನಾದರೂ ಇದ್ದರೆ ಕಾರಣವನ್ನು ನೀವೇ ಮೊದಲು ಬರೆಯಿರಿ. ಮನೆಯಲ್ಲಿ ಸೂತಕವಿದ್ದು ಸರಳವಾಗಿ ಮಾಡಿದಿರಾ? ಹಾಗೆಂದು ಒಂದು ವಾಕ್ಯ ಬರೆದು ಮರಣ ಪ್ರಮಾಣಪತ್ರ ಲಗತ್ತಿಸಿ. ಹದಿನೆಂಟು ದಿನದಲ್ಲಿ ನೋಡಿ ಮದುವೆಯಾದಿರಾ? ಜಾತಕ ಯಾವಾಗ ಬಂತು, ಯಾರು ತಂದರು, ಎರಡು ಮನೆಯವರು ಮೊದಲು ಎಲ್ಲಿ ಮಾತಾಡಿದರು, ವಿಡಿಯೊ ಕರೆಯಲ್ಲಿ ಇಬ್ಬರೂ ಯಾವ ತಿಂಗಳಿಂದ ಮಾತಾಡುತ್ತಿದ್ದಿರಿ, ರಜೆ ಇದ್ದದ್ದು ಎಷ್ಟು ದಿನ, ಇವನ್ನು ತಾರೀಖು ಸಮೇತ ಒಂದು ಪುಟದಲ್ಲಿ ಬರೆಯಿರಿ. ಹೊರಗಿನವರಿಗೆ ಅವಸರದಂತೆ ಕಾಣುವುದು ಈ ವಿವರದಿಂದ ಸಹಜವಾಗಿ ಕಾಣುತ್ತದೆ.

ಸಂಬಂಧದ ಪ್ರಶ್ನಾವಳಿಯ ಫಾರಂ ನಂಬರು ಐಎಂಎಂ 5532. ಮೊದಲ ಪರಿಚಯ, ಮೊದಲ ಮುಖಾಮುಖಿ ಭೇಟಿ, ನಿಶ್ಚಿತಾರ್ಥ, ಮದುವೆಗೆ ಯಾರು ಬಂದಿದ್ದರು, ಎಲ್ಲವನ್ನೂ ಕೇಳುತ್ತದೆ. ‘ಮೊದಲ ಪರಿಚಯ’ಕ್ಕೆ ಒಬ್ಬರು ಫೋನಿನಲ್ಲಿ ಮಾತಾಡಿದ ದಿನ ಬರೆದು, ಇನ್ನೊಬ್ಬರು ಹೆಣ್ಣು ನೋಡಿದ ದಿನ ಹೇಳಿದರೆ ಸಂದರ್ಶನದಲ್ಲಿ ಅದು ಸುಳ್ಳಿನಂತೆ ಕೇಳುತ್ತದೆ. ಇಬ್ಬರೂ ಒಟ್ಟಿಗೆ ಕರೆಯಲ್ಲಿ ಕೂತು ತುಂಬಿ. ಏಜೆಂಟ್ ತುಂಬಿದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ತಪ್ಪು ಮಾಹಿತಿ ಎಂದು ತೀರ್ಮಾನವಾದರೆ ಐದು ವರ್ಷ ಕೆನಡಾಕ್ಕೆ ಪ್ರವೇಶವಿಲ್ಲ, ಆ ಶಿಕ್ಷೆ ಏಜೆಂಟರಿಗಲ್ಲ.

ಫೋಟೊ 20ರ ಒಳಗೆ, ಚಾಟ್ ಮತ್ತು ಪತ್ರ 10 ಪುಟದ ಒಳಗೆ ಎಂದು ಇಲಾಖೆಯ ದಾಖಲೆ ಪಟ್ಟಿಯೇ ಮಿತಿ ಹಾಕಿದೆ. ಇಪ್ಪತ್ತೂ ಮಂಟಪದ ಫೋಟೊ ಬೇಡ. ಹೆಣ್ಣು ನೋಡಿದ ದಿನ, ನಿಶ್ಚಿತಾರ್ಥ, ಅರಿಶಿನ, ಧಾರೆ, ಬೀಗರೂಟ, ಆಮೇಲೆ ಇಬ್ಬರೂ ಹೋದ ಪ್ರವಾಸ, ನಂತರದ ಭೇಟಿಗಳು, ಹೀಗೆ ಹರಡಿ. ಪ್ರತಿಯೊಂದರ ಕೆಳಗೆ ತಾರೀಖು, ಸ್ಥಳ, ಯಾರು ಯಾರೆಂದು ಬರೆಯಿರಿ. ಚಾಟ್ ಕೂಡ ಒಂದೇ ವಾರದ್ದು ಬೇಡ, ತಿಂಗಳಿಗೊಂದು ಪುಟದಂತೆ ಆರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೂ ಕನ್ನಡವೇ, ಅದಕ್ಕೂ ಅನುವಾದ ಬೇಕು. ಇವುಗಳಿಗಿಂತ ತೂಕದ ದಾಖಲೆ ಹಣದ್ದು: ಸಂಗಾತಿಯ ಖಾತೆಗೆ ತಿಂಗಳು ತಿಂಗಳು ಕಳಿಸಿದ ಹಣ, ಕೆಲಸದ ವಿಮೆಯಲ್ಲಿ, ಪಿಎಫ್‌ನಲ್ಲಿ ಸಂಗಾತಿಯ ನಾಮಿನಿ ಹೆಸರು. ಮದುವೆಯಾದ ಮೊದಲ ತಿಂಗಳಲ್ಲೇ ಇವನ್ನು ಶುರುಮಾಡಿ. ಅರ್ಜಿ ಹಾಕುವ ಹಿಂದಿನ ವಾರ ಮಾಡಿದ ನಾಮಿನೇಷನ್ ಯಾರ ಕಣ್ಣಿಗೂ ಬೆಲೆಯುಳ್ಳದ್ದಲ್ಲ.

ಫಾರಂ, ಫೀಸು, ಓಡಾಟ

ಅರ್ಜಿ ಆನ್‌ಲೈನ್ ಪಿಆರ್ ಪೋರ್ಟಲ್‌ನಲ್ಲಿ. ಸ್ಪಾನ್ಸರ್ ಅರ್ಜಿ ಐಎಂಎಂ 1344, ಸಂಗಾತಿಯ ಮುಖ್ಯ ಅರ್ಜಿ ಐಎಂಎಂ 0008, ಹಿನ್ನೆಲೆಯ ಷೆಡ್ಯೂಲ್ ಎ ಐಎಂಎಂ 5669, ಕುಟುಂಬದ ವಿವರ ಐಎಂಎಂ 5406, ದಾಖಲೆ ಪಟ್ಟಿ ಐಎಂಎಂ 5533. ಹೆಚ್ಚು ಎಡವುವುದು ಷೆಡ್ಯೂಲ್ ಎ ಫಾರಂನಲ್ಲಿ. ಹತ್ತು ವರ್ಷದ ಇತಿಹಾಸದಲ್ಲಿ ಒಂದು ತಿಂಗಳೂ ಖಾಲಿ ಇರಬಾರದು. ಡಿಗ್ರಿ ಮುಗಿಸಿ ಎಂಟು ತಿಂಗಳು ಮನೆಯಲ್ಲಿದ್ದರೆ ‘ನಿರುದ್ಯೋಗಿ’ ಎಂದು ಬರೆಯಿರಿ, ಅದರಲ್ಲಿ ನಾಚಿಕೆಯಿಲ್ಲ. ತೋಟ ನೋಡಿಕೊಂಡಿದ್ದರೆ ಹಾಗೇ ಬರೆಯಿರಿ. ಖಾಲಿ ಬಿಟ್ಟರೆ ಅರ್ಜಿ ಪೂರ್ತಿ ವಾಪಸ್ ಬರುತ್ತದೆ, ತಿಂಗಳುಗಟ್ಟಲೆ ಹಾಳು.

1344ರಲ್ಲಿ ಒಂದು ಪ್ರಶ್ನೆ ಇದೆ: ನೀವು ಸ್ಪಾನ್ಸರ್ ಆಗಲು ಅರ್ಹರಲ್ಲ ಎಂದಾದರೆ ಅರ್ಜಿ ಹಿಂಪಡೆಯುತ್ತೀರೋ, ಮುಂದುವರಿಸುತ್ತೀರೋ? ಹಿಂಪಡೆದರೆ ಸ್ಪಾನ್ಸರ್ ಶುಲ್ಕ ಬಿಟ್ಟು ಉಳಿದ ಹಣ ಬರುತ್ತದೆ. ಮುಂದುವರಿಸಿದರೆ ಹಣ ಹೋಗಬಹುದು, ಆದರೆ ಫ್ಯಾಮಿಲಿ ಕ್ಲಾಸ್ ಅರ್ಜಿಯಲ್ಲಿ ಮೇಲ್ಮನವಿಯ ಹಕ್ಕು ಉಳಿಯುತ್ತದೆ. ನಿಮ್ಮ ವಾಸದ ಬಗ್ಗೆ ತಕರಾರು ಬರುವ ಸಾಧ್ಯತೆ ಇದ್ದರೆ ‘ಮುಂದುವರಿಸಿ’ ಎಂಬುದನ್ನು ಆರಿಸುವುದು ಸರಿ.

2024ರ ಏಪ್ರಿಲ್ 30ರ ದರದಂತೆ ಸ್ಪಾನ್ಸರ್ ಶುಲ್ಕ 85, ಅರ್ಜಿ ಶುಲ್ಕ 545, ಪಿಆರ್ ಹಕ್ಕಿನ ಶುಲ್ಕ 575, ಒಟ್ಟು 1,205 ಕೆನಡಾ ಡಾಲರ್, ಬಯೊಮೆಟ್ರಿಕ್ಸ್‌ಗೆ ಬೇರೆ 85. ದರ ಎರಡು ವರ್ಷಕ್ಕೊಮ್ಮೆ ಏಪ್ರಿಲ್ ಕೊನೆಯಲ್ಲಿ ಬದಲಾಗುತ್ತದೆ, ಕಟ್ಟುವ ದಿನ ನೋಡಿಯೇ ಕಟ್ಟಿ. ಹಕ್ಕಿನ ಶುಲ್ಕವನ್ನು ಆಮೇಲೂ ಕಟ್ಟಬಹುದು, ಆದರೆ ಒಟ್ಟಿಗೆ ಕಟ್ಟಿದರೆ ಕೊನೆಯಲ್ಲಿ ತಡವಾಗುವುದಿಲ್ಲ. ಅರ್ಜಿ ಬಿದ್ದರೆ ಅದು ವಾಪಸ್ ಸಿಗುತ್ತದೆ. ಕ್ವಿಬೆಕ್‌ನಲ್ಲಿ ವಾಸವಿರುವವರಿಗೆ ಪ್ರಾಂತ್ಯದ ಪ್ರತ್ಯೇಕ ಅರ್ಜಿಯೂ ಶುಲ್ಕವೂ ಇದೆ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ (ಪಿಸಿಸಿ) ಬೆಂಗಳೂರಿಗೆ ಹೋಗಬೇಕಿಲ್ಲ. ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ, 2022ರ ಸೆಪ್ಟೆಂಬರಿನಿಂದ ಇಂಥ ಕೇಂದ್ರಗಳಲ್ಲೂ ಪಿಸಿಸಿ ಅಪಾಯಿಂಟ್‌ಮೆಂಟ್ ಸಿಗುತ್ತದೆ. ಶುಲ್ಕ 500 ರೂಪಾಯಿ. ಈಗಿನ ವಿಳಾಸದ ಠಾಣೆಯಿಂದ ಪರಿಶೀಲನೆ ಆಗುವುದರಿಂದ, ಪಾಸ್‌ಪೋರ್ಟಿನಲ್ಲಿ ತವರಿನ ವಿಳಾಸ ಇದ್ದು ಹುಡುಗಿ ಅತ್ತೆ ಮನೆಯಲ್ಲಿದ್ದರೆ ಎರಡು ಠಾಣೆ ಸುತ್ತಬೇಕಾದೀತು. ಅರ್ಜಿ ಸಲ್ಲಿಸುವ ದಿನಕ್ಕೆ ಪಿಸಿಸಿ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಹಾಗಾಗಿ ಉಳಿದೆಲ್ಲ ಸಿದ್ಧವಾದ ಮೇಲೆ ಮಾಡಿಸಿ. ಕಳೆದ ಹತ್ತು ವರ್ಷದಲ್ಲಿ ದುಬೈನಂಥ ಕಡೆ ಆರು ತಿಂಗಳೋ ಹೆಚ್ಚೋ ಒಟ್ಟಿಗೆ ಇದ್ದಿದ್ದರೆ ಅಲ್ಲಿಯದ್ದೂ ಬೇಕು.

ಬಯೊಮೆಟ್ರಿಕ್ಸ್, ಮೆಡಿಕಲ್ ಎರಡಕ್ಕೂ ಬೆಂಗಳೂರೇ ಗತಿ. ಬಯೊಮೆಟ್ರಿಕ್ಸ್ ಪತ್ರ ಬಂದ ಮೇಲೆ 30 ದಿನದೊಳಗೆ ಕೊಡಬೇಕು. ಮೆಡಿಕಲ್ ಇಲಾಖೆ ಪಟ್ಟಿಯಲ್ಲಿರುವ ವೈದ್ಯರ ಹತ್ತಿರವೇ ಆಗಬೇಕು, ಸೂಚನೆ ಬಂದ ಮೇಲೆ. ಹಾಸನದಿಂದ ಬೆಳಿಗ್ಗೆ ಹೊರಟರೆ ಒಂದೇ ದಿನದಲ್ಲಿ ಮುಗಿಸಿ ಬರಬಹುದು, ಚಿಕ್ಕಮಗಳೂರು ಕಡೆಯವರು ಹಿಂದಿನ ರಾತ್ರಿಯೇ ಹೋಗುವುದು ವಾಸಿ. ಸಂಗಾತಿಗೆ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದೆಯೆಂದು ಹೆದರಿ ಮುಚ್ಚಿಡಬೇಡಿ. ಚಿಕಿತ್ಸೆಯ ಖರ್ಚು ಹೆಚ್ಚೆಂಬ ಕಾರಣಕ್ಕೆ ಸ್ಪಾನ್ಸರ್ ಆದ ಸಂಗಾತಿಯನ್ನು ತಿರಸ್ಕರಿಸುವಂತಿಲ್ಲ.

ಕಾಯುವ ಕಾಲ

ಇಲಾಖೆ ಇಟ್ಟುಕೊಂಡ ಗುರಿ 12 ತಿಂಗಳು, ಹೆಚ್ಚೂ ಆಗಬಹುದು. ಕಾಯುವಾಗ ಒಟ್ಟಿಗಿರಬೇಕೆಂದರೆ ಸ್ಪಾನ್ಸರ್ ಇಲ್ಲಿಗೆ ಬಂದು ಉಳಿಯುವುದಕ್ಕಿಂತ ಸಂಗಾತಿ ಅಲ್ಲಿಗೆ ಹೋಗುವುದು ಸರಿಯಾದ ದಾರಿ. ಪಿಆರ್ ಅರ್ಜಿ ನಡೆಯುತ್ತಿದ್ದರೂ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಬಹುದು, ಕಾಯ್ದೆಯ 22(2) ಕಲಮು ಎರಡೂ ಉದ್ದೇಶ ಒಟ್ಟಿಗಿರುವುದನ್ನು ಒಪ್ಪುತ್ತದೆ. ಅವಧಿ ಮುಗಿದರೆ ಮರಳುತ್ತೇನೆ ಎನ್ನುವುದಕ್ಕೆ ಕೆಲಸ, ಜಮೀನು, ಮನೆಯವರ ದಾಖಲೆ ಕೊಡಿ. ಪಿಆರ್ ಅರ್ಜಿಯ ನಂಬರನ್ನು ಮುಚ್ಚಿಡದೆ ಮುಂದೆಯೇ ಇಡಿ. ಸಾಮಾನ್ಯವಾಗಿ ಆರು ತಿಂಗಳು ಉಳಿಯಲು ಬಿಡುತ್ತಾರೆ. ಅಲ್ಲಿ ಸ್ಪಾನ್ಸರ್ ಜೊತೆಗಿರುವ ಸಂಗಾತಿಗೆ ಓಪನ್ ವರ್ಕ್ ಪರ್ಮಿಟ್ (ಯಾವ ಕಂಪನಿಯಲ್ಲಾದರೂ ಕೆಲಸ ಮಾಡುವ ಅನುಮತಿ) ಕೇಳುವ ಅವಕಾಶವೂ ಇದೆ, 2023ರಿಂದ ಫ್ಯಾಮಿಲಿ ಕ್ಲಾಸ್‌ನವರಿಗೂ.

ಅಲ್ಲಿಗೆ ಹೋದ ಮೇಲೆ ‘ಕೆನಡಾದ ಒಳಗಿನ ವರ್ಗ’ಕ್ಕೆ (ಸ್ಪಾನ್ಸರ್ ಜೊತೆ ಅಲ್ಲೇ ವಾಸವಿರುವ ಸಂಗಾತಿಗೆಂದು ಇರುವ ಬೇರೆ ವರ್ಗ) ಬದಲಾಯಿಸಿಕೊಳ್ಳಿ ಎಂದು ಸಲಹೆ ಕೊಡುವವರಿರುತ್ತಾರೆ. ಒಳಗಿನ ವರ್ಗದಲ್ಲಿ ಅರ್ಜಿ ಬಿದ್ದರೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗುವ ಹಕ್ಕಿಲ್ಲ. ಅಮ್ಮನಿಗೆ ಹುಷಾರಿಲ್ಲವೆಂದು ನಡುವೆ ಊರಿಗೆ ಬಂದು ಮತ್ತೆ ಒಳಗೆ ಬಿಡದಿದ್ದರೆ ಅರ್ಜಿಗೇ ಕುತ್ತು. ಫ್ಯಾಮಿಲಿ ಕ್ಲಾಸ್‌ನಲ್ಲಿ ಈ ಎರಡು ಭಯವೂ ಇಲ್ಲ: ಊರಿಗೂ ಅಲ್ಲಿಗೂ ಓಡಾಡಬಹುದು, ತಿರಸ್ಕಾರವಾದರೆ ಸ್ಪಾನ್ಸರ್ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಸನದಲ್ಲಿ ವಯಸ್ಸಾದ ತಂದೆತಾಯಿ ಇರುವ ಹುಡುಗಿಗೆ ನಮ್ಮ ಸಲಹೆ ಫ್ಯಾಮಿಲಿ ಕ್ಲಾಸೇ.

ಕಾಯುವ ಬದಲು ಪೌರತ್ವವನ್ನೇ ಪಡೆಯೋಣ ಎಂದು ಯೋಚಿಸುವವರನ್ನು ‘ತೋಟ ಕೈತಪ್ಪುತ್ತದೆ’ ಎಂಬ ಭಯ ತಡೆಯುತ್ತದೆ. ಕೃಷಿ ಭೂಮಿ, ಪ್ಲಾಂಟೇಷನ್ ಕೊಳ್ಳುವ ನಿರ್ಬಂಧ ಒಸಿಐ ಕಾರ್ಡಿನವರಿಗೆ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ) ಇರುವಂತೆಯೇ ಎನ್‌ಆರ್‌ಐಗಳಿಗೂ ಈಗಾಗಲೇ ಇದೆ. ಪಿತ್ರಾರ್ಜಿತವಾಗಿ ಬರುವುದನ್ನು ಇಬ್ಬರೂ ಪಡೆಯಬಹುದು. ತೋಟದ ಕಾರಣಕ್ಕೆ ಈ ತೀರ್ಮಾನವನ್ನು ತಡೆಹಿಡಿಯಬೇಕಿಲ್ಲ.

ಒಪ್ಪಿಗೆ ಬಂದು, ಸಂಗಾತಿ ಲ್ಯಾಂಡಿಂಗ್ ಮುಗಿಸಿದ ದಿನದಿಂದ ಮೂರು ವರ್ಷ ಅವರ ಖರ್ಚಿನ ಹೊಣೆ ನಿಮ್ಮದು. ವಿಚ್ಛೇದನವಾದರೂ ಆ ಮುಚ್ಚಳಿಕೆ ರದ್ದಾಗುವುದಿಲ್ಲ. ಎರಡು ವರ್ಷ ಒಟ್ಟಿಗೆ ಬಾಳಿದರೆ ಮಾತ್ರ ಪಿಆರ್ ಉಳಿಯುತ್ತದೆ ಎಂಬ ಹಳೆಯ ಷರತ್ತು 2017ರ ಏಪ್ರಿಲ್‌ನಲ್ಲೇ ರದ್ದಾಗಿದೆ. ‘ನಾನು ಹೇಳಿದಂತೆ ಕೇಳದಿದ್ದರೆ ವಾಪಸ್ ಕಳಿಸುತ್ತೇನೆ’ ಎಂದು ಯಾರಾದರೂ ಹೆದರಿಸಿದರೆ ಅದಕ್ಕೆ ಕಾನೂನಿನ ಆಧಾರವಿಲ್ಲ, ಇದು ಹೋಗುವ ಹೆಣ್ಣುಮಗಳಿಗೂ ಅವಳ ತವರಿನವರಿಗೂ ಗೊತ್ತಿರಬೇಕು. ಅವಳದೇ 730 ದಿನದ ಎಣಿಕೆ ಲ್ಯಾಂಡಿಂಗ್ ದಿನದಿಂದ ಶುರು. ಹೆರಿಗೆಗೆ ತವರಿಗೆ ಬಂದು ಎಂಟು ತಿಂಗಳು ಇದ್ದರೆ ಅದೂ ಗೈರುಹಾಜರಿಯೇ, ಮೊದಲ ಪಾಸ್‌ಪೋರ್ಟ್ ಮುದ್ರೆಯಿಂದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.